ಯಾರ ಮಗನಪ್ಪಾ ನೀನು?

ಶಿರಾದಿಂದ ಮಧುಗಿರಿಯ ನಾನಿ ಮನೆಗೆ ಹೋದಾಗಲೆಲ್ಲ ಬೀದಿಯ ಹಿರಿಯರು ನನ್ನ ಹೆಸರು ಕೇಳುವುದಿಲ್ಲ. "ಯಾರ ಮಗನಪ್ಪಾ ನೀನು?" ಎನ್ನುತ್ತಾರೆ. ಆ ಪ್ರಶ್ನೆಯ ಬೆಲೆ ತಿಳಿದದ್ದು ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ.

ನಾನೂ ಗೆಳೆಯನೂ ಒಂದೇ ಕಂಪ್ಯೂಟರ್ ಹಂಚಿಕೊಂಡಿದ್ದೆವು. ಅವನು ಐಡಲ್‌ನಲ್ಲಿ ತನ್ನ ಪ್ರೋಗ್ರಾಂ ಓಡಿಸಿ, ಮೂವತ್ತು ಜನರ ಅಂಕ ತುಂಬಿದ್ದ. ಟರ್ಮಿನಲ್‌ನಲ್ಲಿ ನಾನು ಓಡಿಸಿದ್ದು ಮುಗಿಯದ ಲೂಪಿಗೆ ಸಿಕ್ಕಿತು. ಪ್ರೋಸೆಸ್‌ಗಳ ಪಟ್ಟಿ ತೆಗೆದೆ. 'ಪೈಥಾನ್3' ಎಂಬ ಹೆಸರು ಎರಡು ಸಲ ಇತ್ತು. ಅಂದಾಜಿನಲ್ಲಿ ಒಂದನ್ನು ಕಿಲ್ ಮಾಡಿದೆ. ಹೋದದ್ದು ಅವನದು. ಅವನು ಏನೂ ಅನ್ನಲಿಲ್ಲ. ಅದೇ ಹೆಚ್ಚು ನೋವಾಯಿತು.

ಸರ್ ಬಂದು 'ಪಿಎಸ್‌ಟ್ರೀ' ಎಂದು ಟೈಪ್ ಮಾಡಿಸಿದರು. ಪ್ರೋಸೆಸ್‌ಗಳೆಲ್ಲ ವಂಶವೃಕ್ಷದಂತೆ ಕಂಡವು. ನನ್ನದು ಬ್ಯಾಷ್‌ನ ಕೆಳಗಿತ್ತು. ಅವನದು ಉಳಿದಿದ್ದರೆ ಐಡಲ್‌ನ ಕೆಳಗಿರುತ್ತಿತ್ತು. ಲಿನಕ್ಸ್‌ನಲ್ಲಿ ಪ್ರತಿ ಪ್ರೋಸೆಸ್‌ಗೂ ಅದನ್ನು ಹೆತ್ತ ಪ್ರೋಸೆಸ್‌ನ ಸಂಖ್ಯೆ, ಅಂದರೆ ಪಿಪಿಐಡಿ, ಇರುತ್ತದೆ. ಹೆತ್ತದ್ದು ಮೊದಲೇ ಮುಗಿದರೆ, ಮಗುವನ್ನು ಸಾಮಾನ್ಯವಾಗಿ 1ನೇ ಪ್ರೋಸೆಸ್ ದತ್ತು ತೆಗೆದುಕೊಳ್ಳುತ್ತದೆ. ಸಂಬಂಧ ಒಳಗೆ ಇದ್ದೇ ಇತ್ತು, ನನ್ನ ಪಟ್ಟಿ ತೋರಿಸಿರಲಿಲ್ಲ. ಪರದೆ ರೂಪಿಸುವವರು ಹೆಸರಿನ ಜೊತೆ ಮನೆತನವನ್ನೂ ತೋರಿಸಬೇಕು.

ಸಂಜೆ ಅವನು ಅಂಕ ಓದಿದ, ನಾನು ಮತ್ತೆ ಟೈಪ್ ಮಾಡಿದೆ. ಈಗ ಕಿಲ್ ಮಾಡುವ ಮುಂಚೆ ನಾನೂ ಕೇಳುತ್ತೇನೆ: ಯಾರ ಮಗನಪ್ಪಾ ನೀನು?