ಹಳೇ ಪ್ಯಾಡು ಎಲ್ಲಿ?

ಹೋದ ವಾರ ಪಕ್ಕದ ಮನೆಯ ಹುಡುಗಿ ಕೇಳಿದಳು: “ಅಂಕಲ್, ಡಿಸ್ಕೂ ಹೊಸದು, ಪ್ಯಾಡೂ ಹೊಸದು. ಹಾಕಿಸಿ ಆರು ತಿಂಗಳೂ ಆಗಿಲ್ಲ. ಮತ್ತೆ ಬ್ರೇಕ್ ಹಿಡಿದರೆ ಸ್ಟೇರಿಂಗ್ ನಡುಗುತ್ತೆ, ಪೆಡಲ್ ಕಾಲಿಗೆ ಒದೆಯುತ್ತೆ. ಯಾಕೆ?” ಬಿಚ್ಚಿದ ಹಳೇ ಪ್ಯಾಡು ಎಲ್ಲಿ ಅಂತ ಕೇಳಿದೆ. ಗುಜರಿಗೆ ಹೋಗಿತ್ತು. ಅದನ್ನು ಅವಳಿಗೆ ಯಾರೂ ತೋರಿಸಿಯೂ ಇರಲಿಲ್ಲ.

ಆ ಪ್ರಶ್ನೆಯನ್ನು ನನಗೆ ಕಲಿಸಿದವರು ನಮ್ಮ ಉಸ್ತಾದರು. ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಓಣಿಯೊಂದರಲ್ಲಿ, ತಗಡಿನ ಶೆಡ್ಡಿನಲ್ಲಿ ಅವರ ಗ್ಯಾರೇಜಿತ್ತು. ನಾನು ಕೆಲಸ ಕಲಿತದ್ದು ಅಲ್ಲೇ. ಆಗ ಬರುತ್ತಿದ್ದದ್ದು ಅಂಬಾಸಿಡರ್, ಪದ್ಮಿನಿ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಶೂಗೆ ಹೊಸ ಲೈನರ್ ಕೂರಿಸಿದ ಮೇಲೆ ಉಸ್ತಾದರು ಡ್ರಮ್ಮಿನ ಒಳಮೈಗೆ ಸೀಮೆಸುಣ್ಣ ಬಳಿಯುತ್ತಿದ್ದರು. ಡ್ರಮ್ಮನ್ನು ಕೂರಿಸಿ ಒಂದು ಸುತ್ತು ತಿರುಗಿಸಿ ತೆಗೆದರೆ, ಲೈನರ್ ಎಲ್ಲಿ ತಾಗಿದೆಯೋ ಅಲ್ಲಿ ಬಿಳಿ ಹತ್ತಿರುತ್ತಿತ್ತು. ಅಷ್ಟನ್ನೇ ಅರದಲ್ಲಿ ಉಜ್ಜಿ, ಮತ್ತೆ ಸುಣ್ಣ, ಮತ್ತೆ ಸುತ್ತು. ಲೈನರಿನ ಮೈಗೆಲ್ಲ ಬಿಳಿ ಹರಡುವ ತನಕ ಅವರು ಚಹಾ ಕೂಡ ಮುಟ್ಟುತ್ತಿರಲಿಲ್ಲ. ಸುಟ್ಟ ಲೈನರಿನ ಘಾಟು, ಬ್ರೇಕ್ ಆಯಿಲಿನ ವಾಸನೆ ಎರಡೂ ಸೇರಿ ಮನೆಗೆ ಹೋದರೂ ಅಂಗಿ ಬಿಡುತ್ತಿರಲಿಲ್ಲ.

1980ರ ದಶಕದ ಕೊನೆಗೆ ಮಾರುತಿ 800 ಕಾರುಗಳು ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿಕೊಂಡು ಓಣಿಗೆ ಬರತೊಡಗಿದವು. ಅರ ಹಿಡಿಯುವ ಕೆಲಸ ಮುಗಿಯಿತು. ನೋಡುವ ಕೆಲಸ ಹೆಚ್ಚಿತು. ಬಿಚ್ಚಿದ ನಾಲ್ಕು ಪ್ಯಾಡುಗಳನ್ನು ಉಸ್ತಾದರು ಪೇಪರಿನ ಮೇಲೆ ಸಾಲಾಗಿ ಇಡುತ್ತಿದ್ದರು: ಎಡಗಡೆ ಒಳಗಿನದು, ಹೊರಗಿನದು, ಬಲಗಡೆ ಒಳಗಿನದು, ಹೊರಗಿನದು. ಆ ಸಾಲನ್ನು ಯಾರೂ ಕದಲಿಸುವಂತಿರಲಿಲ್ಲ. ಸವೆದ ಚಪ್ಪಲಿ ನೋಡಿ ನಡಿಗೆ ಹೇಳುವ ಹಾಗೆ, ಸವೆತ ನೋಡಿ ಕಾಯಿಲೆ ಹೇಳುತ್ತಿದ್ದರು. ಒಳಗಿನ ಪ್ಯಾಡ್ ತಗಡಿನ ಹತ್ತಿರ ಬಂದು ಹೊರಗಿನದು ಹಾಗೇ ಇದೆಯೇ? ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರಬೇಕಾದ ಪಿನ್ನು ಜಾಮ್ ಆಗಿದೆ. ಒಂದೇ ಪ್ಯಾಡು ಓರೆಯಾಗಿ ಸವೆದಿದೆಯೇ? ಪ್ಯಾಡಿನ ಕಿವಿ ಕೂರುವ ಜಾಗಕ್ಕೆ ತುಕ್ಕು ಹತ್ತಿದೆ, ಇಲ್ಲವೇ ಕ್ಯಾಲಿಪರ್ ಸೊಟ್ಟ ಕೂತಿದೆ. ಹೊಸ ಪ್ಯಾಡಿನ ಅಂಚು ಮಾತ್ರ ಹೊಳೆಯುತ್ತಿದೆಯೇ? ಹಳೇ ಡಿಸ್ಕಿನ ಹೊರ ಅಂಚಿನಲ್ಲಿ ಏರು ಉಳಿದಿದೆ, ಪ್ಯಾಡು ಅದರ ಮೇಲೆ ನಿಂತಿದೆ.

“ಹೊಸ ಸಾಮಾನು ಯಾರು ಬೇಕಾದ್ರೂ ಹಾಕ್ತಾರೆ. ಹಳೇದು ಹೀಗೆ ಯಾಕೆ ಸವೀತು, ಅದು ಹೇಳು ಮರಿ” ಅನ್ನುತ್ತಿದ್ದರು.

ಆ ಹುಡುಗಿಯ ಕಾರಿನ ನಡುಕ ಬಹುಮಟ್ಟಿಗೆ ಡಿಸ್ಕ್ ಕೂರುವ ಹಬ್ಬಿನಿಂದ ಬಂದದ್ದು. ಹಬ್ಬಿನ ಮುಖದ ಮೇಲಿನ ತುಕ್ಕನ್ನು ವೈರ್ ಬ್ರಷ್ಷಿನಿಂದ ಕೆರೆಯದೆ ಹೊಸ ಡಿಸ್ಕ್ ಕೂರಿಸಿದರೆ ಅದು ಕೂದಲೆಳೆಯಷ್ಟು ಓರೆಯಾಗಿ ಕೂರುತ್ತದೆ. ವೀಲ್ ನಟ್ಟುಗಳನ್ನು ಎದುರು-ಬದುರಾಗಿ ಸಮನಾಗಿ ಬಿಗಿಯದಿದ್ದರೂ ಅದೇ ಫಲ. ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ಬ್ರೇಕ್ ಹಿಡಿಯದೆ ಓಡಿಸುವಾಗಲೂ ಡಿಸ್ಕಿನ ಆ ಒಂದು ಜಾಗ ಸುತ್ತಿಗೊಮ್ಮೆ ಪ್ಯಾಡನ್ನು ಸವರುತ್ತದೆ. ಕೆಲವು ಸಾವಿರ ಕಿಲೋಮೀಟರ್ ಹೋಗುವಷ್ಟರಲ್ಲಿ ಅಲ್ಲಿ ಡಿಸ್ಕ್ ತೆಳುವಾಗಿ ಪೆಡಲ್ ಒದೆಯಲು ಶುರು. ಜನ ಅದನ್ನು “ಡಿಸ್ಕ್ ಬೆಂಡಾಗಿದೆ” ಅನ್ನುತ್ತಾರೆ. ಮತ್ತೊಂದು ಹೊಸ ಡಿಸ್ಕ್ ಅದೇ ತುಕ್ಕಿನ ಮೇಲೆ ಕೂರುತ್ತದೆ.

ಆ ಶೆಡ್ಡಿನಲ್ಲಿ ಎಲ್ಲವೂ ಚೆನ್ನಾಗಿತ್ತು ಅಂದರೆ ಸುಳ್ಳಾಗುತ್ತದೆ. ಡಿಸ್ಕಿನ ಓಲಾಟ ಹೆಚ್ಚಿನ ಕಾರುಗಳಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗವನ್ನೂ ಮೀರಬಾರದು. ಅದನ್ನು ಅಳೆಯುವ ಡಯಲ್ ಗೇಜ್ ನಮ್ಮಲ್ಲಿ ಇರಲಿಲ್ಲ. ಸ್ಕ್ರೂಡ್ರೈವರಿನ ತುದಿ ಸೋಕಿಸಿ ಡಿಸ್ಕ್ ತಿರುಗಿಸಿ, ಉಜ್ಜುವ ಸದ್ದು ಕೇಳಿ ತೀರ್ಮಾನಿಸುತ್ತಿದ್ದೆವು. ಸಣ್ಣ ಓಲಾಟ ಕಿವಿಗೆ ತಪ್ಪುತ್ತಿತ್ತು. ಅದಕ್ಕಿಂತ ಘೋರವಾದದ್ದು ಧೂಳು. ಆ ಕಾಲದ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಉಸಿರಿನಲ್ಲಿ ಹೋದರೆ ಕ್ಯಾನ್ಸರ್ ತರುವ ವಸ್ತು. ನಾವು ಡ್ರಮ್ ಬಿಚ್ಚಿ, ಬರಿಮೂಗಿನಲ್ಲಿ ನಿಂತು, ಕಂಪ್ರೆಸರಿನ ಗಾಳಿಯಿಂದ ಅದನ್ನು ಶೆಡ್ಡಿನ ತುಂಬ ಹಾರಿಸುತ್ತಿದ್ದೆವು. ಆ ಕಾಲ ಮರಳಿ ಬರಲಿ ಅಂತ ನಾನು ಬಯಸಲಾರೆ.

ಆದರೆ ಒಂದು ಚೌಕಾಸಿ ಮರೆಯಲಾಗದು. ಮಾರುತಿ 800ರ ಮಾಲೀಕರೊಬ್ಬರು ಡಿಸ್ಕ್ ಜೋಡಿಯನ್ನು ತಾವೇ ಕೊಂಡು ತಂದು “ಇದನ್ನ ಹಾಕಿಬಿಡಿ” ಅಂದರು. ಉಸ್ತಾದರು ಹಳೇದನ್ನು ಬಿಚ್ಚಿ ನೋಡಿದರು. ಡಿಸ್ಕಿನ ದಪ್ಪ ಬೇಕಾದಷ್ಟಿತ್ತು. ಪಿನ್ನು ಜಾಮ್ ಆಗಿತ್ತು. “ಸಾರ್, ಡಬ್ಬಿ ಒಡೀಬೇಡಿ, ಅಂಗಡಿಗೆ ವಾಪಸ್ ಕೊಡಿ” ಅಂದರು. ಪಿನ್ನು ಹೊರಗೆಳೆದು, ತುಕ್ಕು ತೆಗೆದು, ರಬ್ಬರಿಗೆ ಒಗ್ಗುವ ಗ್ರೀಸು ಹಾಕಿ, ಹಬ್ಬು ಉಜ್ಜಿ ಕೂರಿಸುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಕೇಳಿದ್ದು ಇನ್ನೂರು ರೂಪಾಯಿ. “ಒಂದು ಸಾಮಾನೂ ಹಾಕಿಲ್ಲ, ಬರೀ ಗ್ರೀಸ್ ಹಚ್ಚಿದ್ದಕ್ಕೆ ಇನ್ನೂರಾ?” ಅಂತ ಜಗಳವಾಡಿ ಎಂಬತ್ತು ಕೊಟ್ಟು ಹೋದರು. ಡಿಸ್ಕಿನ ದುಡ್ಡು ಪೂರ್ತಿ ಉಳಿದದ್ದು ಅವರ ಲೆಕ್ಕಕ್ಕೆ ಬರಲಿಲ್ಲ. ಉಸ್ತಾದರ ಮಗ ಅದನ್ನೆಲ್ಲ ನೋಡುತ್ತ ನಿಂತಿದ್ದ. ಗ್ಯಾರೇಜು ಅವನ ಕೈಗೆ ಬಂದ ಮೇಲೆ ಯಾರ ಡಬ್ಬಿಯೂ ವಾಪಸ್ ಹೋಗಲಿಲ್ಲ.

ಈಗ ಶೆಡ್ಡಿಲ್ಲ, ಓಣಿಯ ಆ ತುದಿಯಲ್ಲಿ ಗಾಜಿನ ಕಟ್ಟಡ. ಈಗಿನ ಗ್ಯಾರೇಜುಗಳಲ್ಲಿ ಕೆಲಸ ಕಲಿಯುವ ಹುಡುಗನಿಗೆ ಗಂಟೆಗೆ ಇಷ್ಟು ಗಾಡಿ ಅಂತ ಲೆಕ್ಕ. ಡಯಲ್ ಗೇಜ್ ಡ್ರಾಯರಿನಲ್ಲೇ ಇದ್ದರೂ ಅದನ್ನು ಹಚ್ಚಿ ಡಿಸ್ಕ್ ತಿರುಗಿಸುವ ಪುರುಸೊತ್ತು ಅವನಿಗೆ ಯಾರೂ ಕೊಟ್ಟಿಲ್ಲ. ಸೆಟ್ಟಿಗೆ ಸೆಟ್ಟು ಬದಲಿಸಿ ಬಿಲ್ಲು ಮಾಡುವುದೇ ಅವನು ಕಲಿತ ವಿದ್ಯೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ, ಒಳ್ಳೆಯದೇ. ಜಾಮಾದ ಪಿನ್ನನ್ನು ಎಬಿಎಸ್ ಬಿಡಿಸುವುದಿಲ್ಲ. ನನ್ನ ಸಿಟ್ಟು ಆ ಹುಡುಗನ ಮೇಲಲ್ಲ. ಸಾಮಾನಿಗೆ ಸಾವಿರಗಟ್ಟಲೆ ಎಣಿಸಿ, ನೋಡಿ ಕಂಡುಹಿಡಿದದ್ದಕ್ಕೆ ಎಂಬತ್ತು ರೂಪಾಯಿ ಕೊಡಲು ಜಗಳವಾಡಿದವರು ನಾವು. ನೋಡುವ ಕಣ್ಣಿಗೆ ಕೂಲಿ ಕೊಡದೆ, ಕಣ್ಣಿದ್ದವರು ಎಲ್ಲಿ ಹೋದರು ಅಂತ ಈಗ ಕೇಳುವ ಹಕ್ಕು ನಮಗಿಲ್ಲ.