ತೊಡೆಯ ಮೇಲಿನ ಕೈ

ಹುಡುಗನಾಗಿದ್ದಾಗ ನನ್ನ ಬಲ ಮಂಡಿಯ ಮೇಲ್ಭಾಗದ ಚರ್ಮ ಕಪ್ಪಾಗಿತ್ತು. ಅಂಗೈ ಒತ್ತಿ ಒತ್ತಿ ಆದ ಕಲೆ ಅದು.

ಎರಡು ವರ್ಷದವನಿದ್ದಾಗ ಜ್ವರ ಬಂದು ಇಳಿದ ಮೇಲೆ ಬಲಗಾಲು ಜೋತುಬಿತ್ತಂತೆ. ಪೋಲಿಯೋ. ಮಂಡಿಯನ್ನು ನೆಟ್ಟಗೆ ಹಿಡಿಯುವುದು ತೊಡೆಯ ಮುಂದಿನ ಸ್ನಾಯು. ನನಗೆ ಅದೇ ಸತ್ತಿತ್ತು. ಭಾರ ಬಿದ್ದ ಕೂಡಲೇ ಮಂಡಿ ಮಡಚಿಕೊಳ್ಳುತ್ತಿತ್ತು, ಅದಕ್ಕೇ ಕೈಯಿಂದ ತಳ್ಳಿ ಹಿಡಿದು ನಡೆಯುತ್ತಿದ್ದೆ. ಹಿಂದೂಪುರದ ಸಂತೆಗೆ ಹೋದರೆ ಒಂದು ಕೈಗೆ ಮಾತ್ರ ಚೀಲ, ಇನ್ನೊಂದು ಕಾಲಿನ ಪಾಲು.

1989ರಲ್ಲಿ ಕಡಲೆಕಾಯಿ ಕೀಳುವ ಕಾಲಕ್ಕೆ ಕಲ್ಯಾಣದುರ್ಗದ ಚಿಕ್ಕಮ್ಮನ ಮನೆಗೆ ಹೋಗಿದ್ದೆವು. ಅಲ್ಲಿಗೆ ಬಂದಿದ್ದ ಮೂಳೆ ಡಾಕ್ಟರೊಬ್ಬರು ನನ್ನನ್ನು ಬೋರಲು ಮಲಗಿಸಿ, ಎಳಿ, ತಳ್ಳು ಅಂತ ಒಂದೊಂದು ಸ್ನಾಯುವನ್ನೂ ಪರೀಕ್ಷೆ ಮಾಡಿದರು. ಹಿಂದೊಡೆಯ ಸ್ನಾಯು ಗಟ್ಟಿಯಿದೆ, ಅದರ ತುದಿ ಬಿಡಿಸಿ ಮುಂದಕ್ಕೆ ತಂದು ಮಂಡಿಚಿಪ್ಪಿಗೆ ಹೊಲಿಯಬಹುದು ಎಂದರು. (ನಮ್ಮೂರಲ್ಲಿ ಇದನ್ನು ನರದ ಆಪರೇಷನ್ ಅಂತಾರೆ. ನರ ಅಲ್ಲ, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ.)

ಅವ್ವ ಒಪ್ಪಲಿಲ್ಲ. "ಇರೋದೊಂದು ನೆಟ್ಟಗಿದೆ. ಅದನ್ನೂ ಕಿತ್ತು ಮುಂದಕ್ಕೆ ಹಾಕಿದ್ರೆ ಹಿಂದಕ್ಕೇನು ಮಾಡ್ತೀರಿ ಸ್ವಾಮಿ?"

ಡಾಕ್ಟರು ನಗಲಿಲ್ಲ. ಅವ್ವನ ಪ್ರಶ್ನೆಯೇ ನಿಜವಾದ ಪ್ರಶ್ನೆ. ಮೀನಖಂಡವೂ ಸೊಂಟದ ಸ್ನಾಯುಗಳೂ ಗಟ್ಟಿಯಿರದಿದ್ದರೆ ಮಂಡಿ ವರ್ಷ ಕಳೆದಂತೆ ಹಿಂದಕ್ಕೆ ಬಾಗಿ ಬಿಲ್ಲಾಗುತ್ತದೆ. ಜಾಗ ಬದಲಿಸಿದ ಸ್ನಾಯುವಿಗೆ ಮೊದಲಿನಷ್ಟು ಬಲವೂ ಇರದು. ಇದನ್ನೆಲ್ಲ ಅವರೇ ಹೇಳಿದರು. ಖಾತ್ರಿ ಕೊಡಲಿಲ್ಲ. ಅಪ್ಪನಿಗೆ ನಂಬಿಕೆ ಬಂದದ್ದು ಅದರಿಂದಲೇ.

ಆಪರೇಷನ್ ಬೆಂಗಳೂರಲ್ಲಾಯಿತು. ನಾಲ್ಕು ವಾರ ಪ್ಲಾಸ್ಟರು, ತೆಲುಗಿನವರ ಪಿಂಡಿಕಟ್ಟು. ಬೇಸಿಗೆಗೆ ಮುಂಚೆ ಮುಗಿಯಿತು, ಇಲ್ಲದಿದ್ದರೆ ತುರಿಕೆಗೇ ಸಾಯುತ್ತಿದ್ದೆ.

ಕಷ್ಟ ಆಮೇಲಿನದು. ಹದಿಮೂರು ವರ್ಷ ಮಂಡಿ ಮಡಚಿದ ಸ್ನಾಯು ಈಗ ಚಾಚಬೇಕು. ಮನಸ್ಸಿನಲ್ಲಿ "ಮಡಚು" ಅಂದುಕೊಳ್ಳಬೇಕು, ಕಾಲು ನೆಟ್ಟಗಾಗಬೇಕು! ಮಂಚದ ಅಂಚಲ್ಲಿ ಕೂತು ದಿನಾ ಅದೇ ಕೆಲಸ. ವಾರಗಟ್ಟಲೆ ಏನೂ ಇಲ್ಲ. ಅಪ್ಪ ಮಾತೇ ಬಿಟ್ಟಿದ್ದರು. ಒಂದು ಸಂಜೆ ಹಿಮ್ಮಡಿ ನೆಲ ಬಿಟ್ಟು ಎರಡು ಬೆರಳಷ್ಟು ಎದ್ದಿತು. ಅವ್ವ ಒಲೆ ಬಿಟ್ಟು ಓಡಿ ಬಂದಳು. "ಇನ್ನೊಂದ್ಸಲ ಮಾಡೋ" ಅಂದಳು. ಆಗಲಿಲ್ಲ. ಮಾರನೇ ದಿನ ಆಯಿತು.

ಈಗಲೂ ಕುಂಟುತ್ತೇನೆ. ಮೆಟ್ಟಿಲು ಹತ್ತುವಾಗ ಕೈ ತಾನಾಗಿ ತೊಡೆಗೆ ಹೋಗುತ್ತದೆ. ಸಮನೆಲದಲ್ಲಿ ಎರಡೂ ಕೈಲಿ ಚೀಲ ಹಿಡಿಯುತ್ತೇನೆ.

ದೇಶದ ಕೊನೆಯ ಪೋಲಿಯೋ ರೋಗಿ ಸಿಕ್ಕಿದ್ದು 2011ರ ಜನವರಿಯಲ್ಲಿ, ಬಂಗಾಳದ ಹೌರಾದಲ್ಲಿ. ಹೋದ ವರ್ಷ ಎಳೆಯ ಡಾಕ್ಟರಮ್ಮ ಒಬ್ಬರು ನನ್ನ ತೊಡೆಯ ಗೆರೆಗಳನ್ನು ನೋಡಿ ಇದೇನು ಅಂತ ಕೇಳಿದರು. ಕುರ್ಚಿ ಎಳೆದುಕೊಂಡು, ಯಾವುದನ್ನು ಎಲ್ಲಿಂದ ತಂದು ಎಲ್ಲಿಗೆ ಹೊಲಿದರು ಅಂತ ನಾನೇ ವಿವರಿಸಿದೆ.