ಒಂದು ಅಗುಳು ಹಿಚುಕಿ ನೋಡಿ...

ಅನ್ನ ಬೆಂದಿದೆಯಾ ಅಂತ ತಿಳಿಯೋಕೆ ಒಂದು ಅಗುಳು ಹಿಚುಕಿದರೆ ಸಾಕು ಅಂತಾರಲ್ಲ, ನನ್ನ ಕೆಲಸವೂ ಹೆಚ್ಚುಕಮ್ಮಿ ಅದೇ. ಸೌಟಿನ ಬದಲು ಕಂಪ್ಯೂಟರು, ಅಷ್ಟೇ :-)

ಕೆಲವು ವರ್ಷಗಳ ಹಿಂದಿನ ಮಾತು. ಲಾರಿಯ ಎಂಜಿನ್ ಹೊತ್ತು ನಿಲ್ಲುವ ಬ್ರಾಕೆಟ್ಟಿನ ತೂಕ ಇಳಿಸಬೇಕಿತ್ತು. ದಪ್ಪ, ಅಗಲ, ಮೂಲೆಯ ತಿರುವು ಅಂತ ನಾನು ಬದಲಿಸಬಹುದಾಗಿದ್ದ ಸಂಗತಿಗಳು 5. ಒಂದೊಂದಕ್ಕೂ ಐದೈದು ಅಳತೆ ಹಿಡಿದರೂ 3125 ಡಿಸೈನು! ಒಂದು ಡಿಸೈನು ತಡೆಯುತ್ತಾ ಇಲ್ವಾ ಅಂತ ಹೇಳೋಕೆ ಕಂಪ್ಯೂಟರಿಗೆ 6 ಗಂಟೆ ಬೇಕು. ಲೆಕ್ಕ ಹಾಕಿ, ಎರಡು ವರ್ಷ ದಾಟುತ್ತೆ. ನನಗಿದ್ದದ್ದು ಮೂರು ವಾರ.

ಇಂಥ ಕಡೆ ನಾವು ಹಿಡಿಯೋ ದಾರಿ ಸರೋಗೇಟ್ ಮಾಡೆಲ್. ಅಲ್ಲಲ್ಲಿ ಹರಡಿಕೊಂಡಂತೆ 40 ಡಿಸೈನು ಆರಿಸಿ, ಅವನ್ನಷ್ಟೇ ನಿಜವಾಗಿ ಓಡಿಸಿ, ಬಂದ ಉತ್ತರಗಳಿಗೆ ಹೊಂದುವ ಒಂದು ಸರಳ ಸಮೀಕರಣ ಕಟ್ಟೋದು. ಆಮೇಲೆ 6 ಗಂಟೆಯ ಉತ್ತರ ಚಿಟಿಕೆ ಹೊಡೆಯುವಷ್ಟರಲ್ಲಿ. ನನ್ನ ಸಮೀಕರಣ ಶೇ. 18ರಷ್ಟು ತೂಕ ಇಳಿಸಬಹುದು ಅಂತು. ಮೀಟಿಂಗಿನಲ್ಲಿ ಎದೆಯುಬ್ಬಿಸಿ ಹೇಳಿಯೂಬಿಟ್ಟೆ.

ಹೇಳಿದ ಮೇಲೆ ಆ ಡಿಸೈನನ್ನು ನಿಜವಾಗಿ ಓಡಿಸಿದೆ. ಮರುದಿನ ಬೆಳಿಗ್ಗೆ ನೋಡಿದರೆ ಒಂದು ಮೂಲೆ ಕೆಂಪೋ ಕೆಂಪು... ಅಲ್ಲಿ ಸ್ಟ್ರೆಸ್ಸು ಮಿತಿ ಮೀರಿತ್ತು. ಎದೆ ಧಸಕ್ ಅಂತು.

ಆಗ ಗೊತ್ತಾಗಿದ್ದು ಇಷ್ಟು. ಅತ್ಯುತ್ತಮ ಡಿಸೈನು ಹುಡುಕೋ ಪ್ರೋಗ್ರಾಮು, ಸಮೀಕರಣ ಎಲ್ಲಿ ಸುಳ್ಳು ಆಸೆ ತೋರಿಸುತ್ತೋ ಅಲ್ಲಿಗೇ ಹೋಗಿ ಕೂರುತ್ತೆ. ಹಾಗಾಗಿ ಮೊದಲು ಅನುಮಾನಿಸಬೇಕಾದದ್ದು ಅದು ಕೊಟ್ಟ ಉತ್ತರವನ್ನೇ!

ತಲೆ ತಗ್ಗಿಸಿ ತಪ್ಪೊಪ್ಪಿಕೊಂಡು ಕ್ರಿಗಿಂಗ್ ಹಿಡಿದೆ. ದಕ್ಷಿಣ ಆಫ್ರಿಕಾದ ಗಣಿ ಎಂಜಿನಿಯರ್ ಡ್ಯಾನಿ ಕ್ರಿಗ, ಕೆಲವೇ ಮಾದರಿಗಳಿಂದ ಚಿನ್ನದ ಅದಿರನ್ನು ಅಂದಾಜಿಸೋ ಬಗ್ಗೆ 1951ರಲ್ಲಿ ಪ್ರಬಂಧ ಬರೆದಿದ್ದರು. ಅದರಿಂದ ಬೆಳೆದ ವಿಧಾನ ಇದು. ಫ್ರಾನ್ಸಿನ ಜಾರ್ಜ್ ಮಾತೆರೋನ್ ಇದಕ್ಕೆ ಅವರ ಹೆಸರನ್ನೇ ಇಟ್ಟರು. ಇದರ ದೊಡ್ಡ ಗುಣ ಅಂದ್ರೆ, ಉತ್ತರದ ಜೊತೆಗೆ "ಇಲ್ಲಿ ನನಗೆ ಅಷ್ಟು ಖಾತ್ರಿ ಇಲ್ಲ" ಅಂತಲೂ ಹೇಳುತ್ತೆ. ಲಾಭ ಇರಬಹುದು, ಆದರೆ ಖಾತ್ರಿ ಇಲ್ಲ ಅನ್ನೋ ಕಡೆ ಇನ್ನೊಂದು ಸಲ ನಿಜವಾಗಿ ಓಡಿಸೋದು, ಮಾಡೆಲ್ ತಿದ್ದೋದು. ಹೀಗೆ 15 ಸಲ. ಕೊನೆಗೆ ದಕ್ಕಿದ್ದು ಶೇ. 11. ಕಮ್ಮಿಯೇ, ಆದರೆ ನಿಜವಾದದ್ದು.

ಅಮ್ಮನಿಗೆ ಈ ಕತೆ ಹೇಳಿದೆ. "ಮೇಲಿನ ಅಗುಳು ಮಾತ್ರ ಹಿಚುಕಿ ನೋಡಿದ್ಯೇನೋ? ತಳ ಹಿಡಿದಿದೆಯಾ ಅಂತ ಸೌಟು ಇಳಿಸಿ ನೋಡ್ಬೇಕಪ್ಪಾ" ಅಂದ್ಲು.

ಮೀಟಿಂಗಿಗೆ ಮುಂಚೆ ಅವಳನ್ನೇ ಕೇಳಬೇಕಿತ್ತು!